ಮಾಟವೆಂಬ ಮಾತು

ಕನ್ನಡದಲ್ಲಿ ಕ್ರಿಯಾಪದದಿಂದ ಹುಟ್ಟಿದ ಒಂದು ಪುಟ್ಟ ಶಬ್ದಕುಟುಂಬವಿದೆ. ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ, ಕೂಡು ಎಂಬುದರಿಂದ ಕೂಟ. ಅದೇ ಜಾಡಿನಲ್ಲಿ ಮಾಡು ಎಂಬುದರಿಂದ ಮಾಟ. ಮಾಟ ಎಂದರೆ ಮೂಲತಃ ಮಾಡುವಿಕೆ, ರಚನೆ. ಚೆನ್ನಾಗಿ ಮಾಡಿದ್ದು ಚೆಂದವಾಗಿರುತ್ತದೆಯಾದ್ದರಿಂದ 'ಮಾಟವಾದ ಮೂಗು' ಎಂದು ಇಂದಿಗೂ ಹೇಳುತ್ತೇವೆ. ಅದೇ ಶಬ್ದ ಅಭಿಚಾರಕ್ಕೂ ಹೆಸರಾಯಿತು. ಸಂಸ್ಕೃತದಲ್ಲಿಯೂ ಹೀಗೆಯೇ: ಅಥರ್ವವೇದದ ಮಂತ್ರಗಳು ನಿವಾರಿಸಬಯಸುವ 'ಕೃತ್ಯಾ' ಎಂಬುದು 'ಕೃ', ಅಂದರೆ ಮಾಡು, ಎಂಬ ಧಾತುವಿನಿಂದಲೇ ಬಂದದ್ದು. ಯಾರೋ ಮಾಡಿದ್ದು ಎಂಬ ಈ ಭಾವನೆಯೇ ಮಾಟದ ತಿರುಳು. ಇಂದಿನ ನನ್ನ ಮಾತು ಈ ತಿರುಳನ್ನು ಕುರಿತದ್ದು.

ಇದೆಲ್ಲ ಹಳ್ಳಿಯ ಮಾತು, ಹಳೆಯ ಕಾಲದ ಮಾತು ಎಂದು ಪಟ್ಟಣಿಗರು ಭಾವಿಸುವುದುಂಟು. ನಮ್ಮ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಈ ಭಾವನೆ ನಿಲ್ಲಲಾರದು. ಹೊಸ ಕಾರು ಮೊದಲು ಉರುಳುವುದು ನಿಂಬೆಹಣ್ಣಿನ ಮೇಲೆ. ಮೇಲೇಳುತ್ತಿರುವ ಬಹುಮಹಡಿ ಕಟ್ಟಡದ ಮುಂದೆ ಕೋರೆಹಲ್ಲಿನ ದೃಷ್ಟಿಬೊಂಬೆ. ಅಂಗಡಿಯ ಬಾಗಿಲಿಗೆ ನಿಂಬೆ, ಮೆಣಸಿನಕಾಯಿಗಳ ಸರ. ಅಮಾವಾಸ್ಯೆಯ ಸಂಜೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ರಸ್ತೆಯ ನಡುವೆ ಒಡೆಯುತ್ತದೆ. ಅಂಗಡಿಯ ದೃಷ್ಟಿ ಕಳೆಯಿತು. ಆ ಹೋಳಿನ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರನ ಗತಿಯನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಯಂತ್ರ ಹೊಸದಾದಷ್ಟೂ ಅದಕ್ಕೆ ತಗಲಬಹುದಾದ ಕಣ್ಣಿನ ಭಯವೂ ಹೊಸದಾಗುತ್ತ ಬಂದಿದೆ.

ಇಂಥ ಆಚಾರಗಳಿಗೆ ಹಿಂದಿರುವ ತರ್ಕವನ್ನು ಜೇಮ್ಸ್ ಫ್ರೇಜರ್ ಎಂಬ ವಿದ್ವಾಂಸ 1890ರಲ್ಲಿ ಮೊದಲು ಪ್ರಕಟವಾದ 'ದಿ ಗೋಲ್ಡನ್ ಬೌ' ಗ್ರಂಥದಲ್ಲಿ ವಿವರಿಸಿದ. ಹೋಲುವುದು ಹೋಲುವುದನ್ನು ಉಂಟುಮಾಡುತ್ತದೆ. ಒಮ್ಮೆ ಕೂಡಿದ್ದುದು ಬೇರ್ಪಟ್ಟ ಮೇಲೂ ನಂಟನ್ನು ಉಳಿಸಿಕೊಳ್ಳುತ್ತದೆ. ಒಡೆದ ಕುಂಬಳಕಾಯಿ ತಲೆಗೆ ಬದಲಾದದ್ದು ಮೊದಲ ನಿಯಮದಂತೆ; ಕತ್ತರಿಸಿದ ಕೂದಲು ಅನ್ಯರ ಕೈಗೆ ಸಿಗಬಾರದೆಂಬ ಎಚ್ಚರ ಎರಡನೆಯದರಂತೆ.

ಇವಕ್ಕೆ ಬರವಣಿಗೆಯನ್ನೂ ಸೇರಿಸಬೇಕು. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಣ ಊರುಗಳಲ್ಲಿಯೂ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತು. ದೆವ್ವವೊಂದು ಇರುಳಿನಲ್ಲಿ ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂದು ಸುದ್ದಿ. ಬರಹವನ್ನು ಓದಿಕೊಂಡು ಅದು ಮರಳುತ್ತದೆ; ಮರುದಿನವೂ ಅದೇ ಬರಹ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಬರೆದ ಮಾತಿಗೆ ಅದು ತಲೆಬಾಗುತ್ತಿತ್ತು! ಅಕ್ಷರ ಹರಡಿದರೆ ಮೌಢ್ಯ ತಾನಾಗಿ ತೊಲಗುವುದೆಂದು ಆಶಿಸಿದ್ದ ನಮ್ಮಂಥ ಮೇಷ್ಟರುಗಳಿಗೆ ಇದೊಂದು ಪಾಠ. ಅಕ್ಷರವೇ ತಾಯಿತವಾಗಿ ಬಾಗಿಲಿಗೇರಿತ್ತು.

ವಿದ್ಯಾವಂತರೂ ಇದನ್ನು ಬಿಡರೇಕೆ? ಟ್ರೋಬ್ರಿಯಾಂಡ್ ದ್ವೀಪಗಳ ಬೆಸ್ತರ ನಡುವೆ ಬಾಳಿದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಒಂದು ಉತ್ತರ ಕೊಟ್ಟಿದ್ದಾನೆ. ಅಪಾಯವಿಲ್ಲದ, ಮೀನು ಖಂಡಿತವಾಗಿ ದೊರೆಯುವ ಒಳಕೊಳದಲ್ಲಿ ಅವರು ಮಂತ್ರವನ್ನು ಬಳಸುತ್ತಿರಲಿಲ್ಲ; ತೆರೆದ ಕಡಲಿಗೆ ಹೊರಟಾಗ ಮಂತ್ರ ಬೇಕಾಗುತ್ತಿತ್ತು. ನಮ್ಮ ತೆರೆದ ಕಡಲುಗಳೂ ಕಡಮೆಯಿಲ್ಲ. ಸಾಲ ಮಾಡಿ ಕೊಳವೆಬಾವಿ ಕೊರೆಸುವ ರೈತ ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುವುದನ್ನು ಕಾಯುತ್ತಾನೆ. ಅಧಿಕಾರವೂ ಅಂಥದೊಂದು ಕಡಲು. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಪದವಿ ಕಳೆದುಕೊಳ್ಳುವನೆಂಬ ನಂಬಿಕೆಯಿಂದ ಆ ಊರು ಎಷ್ಟೋ ಕಾಲ ನಾಡಿನ ದೊರೆಗಳ ದರ್ಶನವಿಲ್ಲದೆ ಉಳಿಯಿತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಅಲ್ಲಿಗೆ ಹಲವು ಬಾರಿ ಹೋಗಿಬಂದು, ಐದು ವರ್ಷದ ಅವಧಿಯನ್ನು ಪೂರೈಸಿದರು.

ಇಷ್ಟರಲ್ಲೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 'ಯಾರೋ ಮಾಡಿಸಿದ್ದಾರೆ' ಎಂಬ ವಾಕ್ಯವನ್ನು ಗಮನಿಸಿ. ಇದರಲ್ಲಿ ಕರ್ಮಪದವಿಲ್ಲ, ಏನನ್ನು ಎಂದು ಹೇಳಬೇಕಾಗಿಯೂ ಇಲ್ಲ. ಕರ್ತೃಪದದ ಸ್ಥಾನದಲ್ಲಿ 'ಯಾರೋ' ಎಂಬ ಒಂದು ತೆರಪು. ದಕ್ಷಿಣ ಸೂಡಾನಿನ ಅಜಾಂಡೆ ಜನರನ್ನು ಕುರಿತು ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಬರೆದ ಗ್ರಂಥದಲ್ಲಿ, ಕುಸಿದುಬಿದ್ದ ಕಣಜದ ಪ್ರಸಂಗವಿದೆ. ಕಂಬಕ್ಕೆ ಗೆದ್ದಲು ಹಿಡಿದಿತ್ತೆಂದು ಅವರೆಲ್ಲ ಬಲ್ಲರು. ಆದರೆ ಈ ಮನುಷ್ಯ ನೆರಳಿಗೆ ಕುಳಿತಾಗಲೇ ಅದು ಏಕೆ ಬಿದ್ದಿತು? ಗೆದ್ದಲು ಈ ಪ್ರಶ್ನೆಗೆ ಉತ್ತರಿಸದು, ಮಾಟ ಉತ್ತರಿಸುತ್ತದೆ. ಉತ್ತರಿಸುವಾಗ ಅದು ಒಬ್ಬ ವ್ಯಕ್ತಿಯನ್ನು ಕೇಳುತ್ತದೆ. ಆ 'ಯಾರೋ' ಎಂಬ ತೆರಪನ್ನು ತುಂಬುವವರು ಯಾರು? ಬೀದಿಯ ಕೊನೆಯಲ್ಲಿ ಒಂಟಿಯಾಗಿರುವ ಮುದುಕಿ, ಆಸ್ತಿಯಲ್ಲಿ ಪಾಲು ಕೇಳಿದ ದಾಯಾದಿ, ಹೊಸದಾಗಿ ಬಂದ ಸೊಸೆ. ಬೀದರ, ಕಲಬುರಗಿಗಳ ಕಡೆ 'ಬಾಣಾಮತಿ' ಎಂಬ ಒಂದೇ ಮಾತು ಬದುಕುಗಳನ್ನು ಕೆಡಿಸಿದೆ.

ಇದನ್ನು ಎದುರಿಸುವ ಯತ್ನಗಳು ನಡೆದಿವೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರ ಅಧ್ಯಕ್ಷತೆಯಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿತವಾಯಿತು. 2017ರಲ್ಲಿ ನಮ್ಮ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಅಂಗೀಕರಿಸಿತು. 2020ರಲ್ಲಿ ಅದು ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರಿಗೆ ವೈದ್ಯವನ್ನು ತಪ್ಪಿಸಿ ಮಂತ್ರ ಹಾಕುವುದು ಅಪರಾಧವಾಯಿತು. ಬಾಗಿಲ ನಿಂಬೆಹಣ್ಣನ್ನು ಕಾನೂನು ಮುಟ್ಟಲಿಲ್ಲ. ಮನುಷ್ಯನ ಮೈಗೆ ಕೈಯಿಡುವಲ್ಲಿ ಗೆರೆ ಎಳೆಯಿತು. ಆ ಗೆರೆ ಸರಿಯಾದುದೆಂದು ನನ್ನ ಎಣಿಕೆ.

ಆದರೆ ಕಾಯಿದೆ ಕೈಯನ್ನು ತಡೆದೀತು, ಶಂಕೆಯನ್ನು ತಡೆಯದು. ಮಗು ಸತ್ತ ತಾಯಿ 'ನನಗೇ ಏಕೆ ಹೀಗಾಯಿತು?' ಎಂದು ಕೇಳುತ್ತಾಳೆ. ವೈದ್ಯರಿಗೆ ಐದು ನಿಮಿಷದ ಬಿಡುವು. ಮಂತ್ರವಾದಿ ಅರ್ಧ ದಿನ ಕುಳಿತು ಅವಳ ಮಾತನ್ನು ಕೇಳುತ್ತಾನೆ, ಕೊನೆಗೆ ಒಂದು ಹೆಸರನ್ನು ಸೂಚಿಸುತ್ತಾನೆ. ಅವನಷ್ಟು ಹೊತ್ತು ನಾವೂ ಅವಳ ಬಳಿ ಕುಳಿತು, ಯಾರ ಹೆಸರನ್ನೂ ಹೇಳದೆ ಎದ್ದುಬರುವುದು ಸಾಧ್ಯವಾದರೆ, ಪಕ್ಕದ ಮನೆಯ ಮುದುಕಿ ಆ ರಾತ್ರಿ ನಿರ್ಭಯವಾಗಿ ನಿದ್ರಿಸಿಯಾಳು.