ಗೆಲುವು ಬರೆದಿಟ್ಟದ್ದು, ಚಪ್ಪಾಳೆ ಬರೆಯದ್ದು



ನಮ್ಮ ಗರಡಿಯ ಕುಸ್ತಿಯಲ್ಲಿ ಒಬ್ಬ ಪೈಲ್ವಾನ ಇನ್ನೊಬ್ಬನನ್ನು ಚಿತ್ ಮಾಡಿದರೆ ಸೋತವನ ಬೆನ್ನಿಗೆ ಅಖಾಡದ ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ. ಆಮೇಲೆ ವಾದಕ್ಕೆ ಎಡೆಯಿಲ್ಲ. ಮೈಸೂರು ದಸರೆಯ ಕುಸ್ತಿ ನೋಡಿದ ಕಣ್ಣಿಗೆ, 1990ರ ದಶಕದಲ್ಲಿ ಕೇಬಲ್ ಟಿ.ವಿ.ಯ ಮೂಲಕ ಮನೆಯೊಳಗೆ ಬಂದ ಅಮೆರಿಕದ ಡಬ್ಲ್ಯು.ಡಬ್ಲ್ಯು.ಎಫ್. ಕುಸ್ತಿ ವಿಚಿತ್ರವಾಗಿ ಕಂಡದ್ದು ಸಹಜ. ಮಕ್ಕಳು ಕುಸ್ತಿಪಟುಗಳ ಚಿತ್ರವಿದ್ದ ಕಾರ್ಡುಗಳನ್ನು ಹಿಡಿದು ಎತ್ತರ, ತೂಕಗಳನ್ನು ಹೋಲಿಸಿ ಆಡುತ್ತಿದ್ದರೆ, ಹಿರಿಯರು ‘ಅದೆಲ್ಲ ಬರೀ ನಾಟಕ’ ಎಂದು ತಳ್ಳಿಹಾಕುತ್ತಿದ್ದರು.

ಹಿರಿಯರ ಮಾತಿನಲ್ಲಿ ತಪ್ಪಿರಲಿಲ್ಲ. ಇದು ಕ್ರೀಡಾ ಸ್ಪರ್ಧೆಯಲ್ಲ, ಮನರಂಜನೆ ಎಂದು ಆ ಕಂಪೆನಿಯೇ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ನಿಯಂತ್ರಣದಿಂದ ಪಾರಾಗುವುದು ಅದರ ಉದ್ದೇಶ. ಯಾರು ಗೆಲ್ಲಬೇಕು, ಪಟ್ಟ ಯಾರ ಸೊಂಟಕ್ಕೆ ಹೋಗಬೇಕು ಎಂಬುದೆಲ್ಲ ಮೊದಲೇ ನಿಶ್ಚಯವಾಗಿರುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗೆಲುವೇ ಮಾಲೀಕನ ಕೈಯಲ್ಲಿದ್ದ ಮೇಲೆ ಆತ ಯಾರನ್ನು ಬೇಕಾದರೂ ತಾರೆಯನ್ನಾಗಿ ಮಾಡಬಹುದಲ್ಲವೇ? ಮಾಡಲಾಗದು ಎಂಬುದೇ ಈ ವೃತ್ತಿಯ ಸ್ವಾರಸ್ಯ. ಈ ರಂಗದವರ ಆಡುಮಾತಿನಲ್ಲಿ ಎರಡು ಪದಗಳಿವೆ. ಒಬ್ಬನನ್ನು ಮೇಲೆತ್ತಲು ಕಂಪೆನಿ ಮಾಡುವ ಏರ್ಪಾಡಿಗೆ ‘ಪುಶ್’ ಎನ್ನುತ್ತಾರೆ. ಜನ ಅವನನ್ನು ಮನಸಾರೆ ಒಪ್ಪಿಕೊಂಡರೆ ಆತ ‘ಓವರ್’ ಆದ ಎನ್ನುತ್ತಾರೆ. ಮೊದಲನೆಯದು ಮಾಲೀಕನ ಸ್ವತ್ತು. ಎರಡನೆಯದನ್ನು ಕೊಡುವವನು ಟಿಕೆಟ್ ಕೊಂಡು ಕುಳಿತ ಪ್ರೇಕ್ಷಕ.

ಮೊದಲು ಒಂದು ಸೋಲಿನ ಕಥೆ. 1993ರಲ್ಲಿ ಡಬ್ಲ್ಯು.ಡಬ್ಲ್ಯು.ಎಫ್.ಗೆ ಹಲ್ಕ್ ಹೋಗನ್‌ನ ಜಾಗಕ್ಕೆ ಒಬ್ಬ ಹೊಸ ನಾಯಕ ಬೇಕಾಗಿದ್ದ. ಮಾಲೀಕ ವಿನ್ಸ್ ಮೆಕ್‌ಮಹನ್ ಆರಿಸಿದ್ದು ಕಡೆದಿಟ್ಟಂಥ ಮೈಕಟ್ಟಿನ ಲೆಕ್ಸ್ ಲೂಗರ್‌ನನ್ನು. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ನ್ಯೂಯಾರ್ಕಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಇಂಟ್ರೆಪಿಡ್’ ಯುದ್ಧನೌಕೆಯ ಮೇಲೆ ಲೂಗರ್ ದೈತ್ಯಕಾಯದ ಯೊಕೊಜುನಾನನ್ನು ಎತ್ತಿ ಕೆಡವಿದ. ಆಮೇಲೆ ಅವನನ್ನು ಬಸ್ಸಿನಲ್ಲಿ ಕೂರಿಸಿ ಊರೂರು ತಿರುಗಿಸಿದರು. ಏರ್ಪಾಡಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಜನ ಅಷ್ಟಾಗಿ ಮರುಳಾಗಲಿಲ್ಲ. 1994ರ ಜನವರಿಯ ‘ರಾಯಲ್ ರಂಬಲ್’ ಪಂದ್ಯದ ಕೊನೆಯಲ್ಲಿ ಲೂಗರ್ ಮತ್ತು ಬ್ರೆಟ್ ಹಾರ್ಟ್ ಇಬ್ಬರೂ ಒಟ್ಟಿಗೆ ಹೊರಬಿದ್ದರೆಂದು ಕಥೆ ಕಟ್ಟಿ, ಇಬ್ಬರನ್ನೂ ವಿಜೇತರೆಂದು ಸಾರಲಾಯಿತು. ಹೆಚ್ಚಿನ ಜಯಘೋಷ ಕೇಳಿಬಂದದ್ದು ಹಾರ್ಟ್‌ಗೆ. ಎರಡು ತಿಂಗಳ ಬಳಿಕ ಪಟ್ಟವೂ ಅವನಿಗೇ ಸಂದಿತು. ಕೆನಡಾದ ಕ್ಯಾಲ್ಗರಿಯಲ್ಲಿ ತಂದೆಯ ಮನೆಯ ನೆಲಮಾಳಿಗೆಯಲ್ಲಿ ಪಟ್ಟು ಕಲಿತ ಹಾರ್ಟ್, ದೈತ್ಯರ ಈ ಲೋಕದಲ್ಲಿ ಸಾಧಾರಣ ಗಾತ್ರದವನು.

ಮೇಲಿನಿಂದ ಹೊರಿಸಿದ ನಾಯಕ ಹೀಗೆ ಮಂಕಾದ. ಇನ್ನು, ಯಾರ ಲೆಕ್ಕಕ್ಕೂ ಬಾರದವನು ಬೆಳಗಿದ್ದನ್ನು ನೋಡೋಣ.

1964ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಸ್ಟೀವ್ ಆಸ್ಟಿನ್ 1995ರಲ್ಲಿ ತೋಳಿನ ಗಾಯದಿಂದ ಮನೆಯಲ್ಲಿದ್ದಾಗ, ಆತ ದುಡಿಯುತ್ತಿದ್ದ ಡಬ್ಲ್ಯು.ಸಿ.ಡಬ್ಲ್ಯು. ಕಂಪೆನಿ ಅವನನ್ನು ಕೆಲಸದಿಂದ ತೆಗೆಯಿತು. ಪ್ರತಿಸ್ಪರ್ಧಿ ಡಬ್ಲ್ಯು.ಡಬ್ಲ್ಯು.ಎಫ್. ಅವನನ್ನು ಸೇರಿಸಿಕೊಂಡರೂ ‘ರಿಂಗ್‌ಮಾಸ್ಟರ್’ ಎಂಬ ಸಪ್ಪೆ ಹೆಸರು ಅಂಟಿಸಿತು. ಹೊಸ ಹೆಸರಿಗಾಗಿ ಆತ ತಲೆ ಕೆಡಿಸಿಕೊಂಡು ಕುಳಿತಿದ್ದಾಗ, ಇಂಗ್ಲೆಂಡಿನವಳಾದ ಹೆಂಡತಿ ಚಹಾ ತಣ್ಣಗೆ ಕಲ್ಲಾಗುವ ಮೊದಲು ಕುಡಿ ಎಂದಳಂತೆ. ಆ ಮಾತಿನಿಂದಲೇ ‘ಸ್ಟೋನ್ ಕೋಲ್ಡ್’ ಹುಟ್ಟಿತು ಎಂದು ಆತನೇ ಹೇಳಿಕೊಂಡಿದ್ದಾನೆ.

ಅದೃಷ್ಟ ತಿರುಗಿದ್ದು ಬೇರೆಯವರ ತಪ್ಪಿನಿಂದ. 1996ರ ಮೇ 19ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಕಂಪೆನಿ ಬಿಟ್ಟು ಹೊರಟಿದ್ದ ಇಬ್ಬರು ಗೆಳೆಯರನ್ನು ಶಾನ್ ಮೈಕೇಲ್ಸ್ ಮತ್ತು ಟ್ರಿಪಲ್ ಎಚ್ ಕಣದಲ್ಲೇ ತಬ್ಬಿಕೊಂಡು ಬೀಳ್ಕೊಟ್ಟರು. ಕಥೆಯ ಪ್ರಕಾರ ಅವರಲ್ಲಿ ಕೆಲವರು ನಾಯಕರು, ಕೆಲವರು ಖಳರು. ರಾಮ, ರಾವಣರು ವೇಷ ಕಳಚದೆ ರಂಗದ ಮೇಲೇ ಹೆಗಲಿಗೆ ಕೈಹಾಕಿ ನಿಂತಂತಾಯಿತು. ಯಾರಿಗೆ ಶಿಕ್ಷೆ? ಇಬ್ಬರು ಹೊರಟೇ ಹೋಗಿದ್ದರು. ಮೈಕೇಲ್ಸ್ ಆಗ ಪಟ್ಟದ ಒಡೆಯ. ಉಳಿದವನು ಟ್ರಿಪಲ್ ಎಚ್ ಒಬ್ಬನೇ. ಮುಂದಿನ ತಿಂಗಳ ‘ಕಿಂಗ್ ಆಫ್ ದಿ ರಿಂಗ್’ ಪಂದ್ಯಾವಳಿಯಲ್ಲಿ ಅವನಿಗೆಂದು ಇಟ್ಟಿದ್ದ ಗೆಲುವನ್ನು ಕಿತ್ತು ಆಸ್ಟಿನ್‌ಗೆ ಕೊಟ್ಟರು.

ಜೂನ್ 23, ಮಿಲ್ವಾಕೀ ನಗರ. ಸೆಮಿಫೈನಲ್‌ನಲ್ಲಿ ಆಸ್ಟಿನ್‌ನ ತುಟಿ ಒಡೆಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದು ಫೈನಲ್‌ನಲ್ಲಿ ಜೇಕ್ ರಾಬರ್ಟ್ಸ್‌ನನ್ನು ಸೋಲಿಸಿದ. ರಾಬರ್ಟ್ಸ್ ಆಗ ಬೈಬಲ್ ವಾಕ್ಯಗಳನ್ನು ಹೇಳುವ ಧರ್ಮಭೀರುವಿನ ಪಾತ್ರದಲ್ಲಿದ್ದ. ಪಟ್ಟವೇರಿದ ಆಸ್ಟಿನ್ ಅದನ್ನೇ ಅಣಕಿಸಿ, ಬೈಬಲ್ಲಿನ ಅಧ್ಯಾಯ-ವಾಕ್ಯಗಳ ಸಂಖ್ಯೆಗೆ ತನ್ನ ಹೆಸರು ಜೋಡಿಸಿ ‘ಆಸ್ಟಿನ್ 3:16’ ಎಂದುಬಿಟ್ಟ. ಯಾರೂ ಬರೆದುಕೊಟ್ಟ ಮಾತಲ್ಲ ಅದು. ಬಹುಬೇಗ ಆ ಅಕ್ಷರಗಳು ಪ್ರೇಕ್ಷಕರ ಕೈಯ ಫಲಕಗಳ ಮೇಲೆ, ಆಮೇಲೆ ಟೀ ಶರ್ಟುಗಳ ಮೇಲೆ ಕಾಣಿಸಿಕೊಂಡವು. ಕಂಪೆನಿಯ ಕಥೆಯಲ್ಲಿ ಆತ ಇನ್ನೂ ಖಳನೇ. 1997ರ ಮಾರ್ಚಿನಲ್ಲಿ ಶಿಕಾಗೋ ಬಳಿ ಬ್ರೆಟ್ ಹಾರ್ಟ್‌ನ ಪಟ್ಟಿಗೆ ಸಿಕ್ಕಿ, ಮುಖವೆಲ್ಲ ರಕ್ತವಾದರೂ ಸೋಲೊಪ್ಪದೆ ಪ್ರಜ್ಞೆ ತಪ್ಪಿದವನಂತೆ ಬಿದ್ದಾಗ, ಜನ ಸೋತವನಿಗೇ ಜೈ ಎಂದರು. ಖಳ ನಾಯಕನಾದ, ನಾಯಕ ಖಳನಾದ. 1998ರ ಮಾರ್ಚಿನಲ್ಲಿ ಪಟ್ಟ ಆಸ್ಟಿನ್‌ನ ಕೈಸೇರಿತು.

ಆಸ್ಟಿನ್‌ಗಾದರೂ ಕುಸ್ತಿಪಟುವಿನ ಮೈಕಟ್ಟಿತ್ತು. ಮಿಕ್ ಫೋಲಿಗೆ ಅದೂ ಇರಲಿಲ್ಲ. ದಪ್ಪ ಹೊಟ್ಟೆ, ಕೆದರಿದ ಕೂದಲು, ಮುಖಕ್ಕೆ ಚರ್ಮದ ಮುಸುಕು. 1998ರ ಜೂನ್‌ನಲ್ಲಿ ಪಿಟ್ಸ್‌ಬರ್ಗಿನಲ್ಲಿ ಸುಮಾರು 16 ಅಡಿ ಎತ್ತರದ ಪಂಜರದ ನೆತ್ತಿಯಿಂದ ಬಿದ್ದು, ಮತ್ತೆ ಎದ್ದು ಹತ್ತಿದವನು ಆತ. ಆ ವರ್ಷದ ಕೊನೆಯಲ್ಲಿ ಅವನಿಗೆ ಪಟ್ಟ ಕೊಡುವ ಪಂದ್ಯದ ಚಿತ್ರೀಕರಣವಾಯಿತು. 1999ರ ಜನವರಿ 4ರ ರಾತ್ರಿ ಪ್ರಸಾರ. ಅದೇ ಹೊತ್ತಿಗೆ ಡಬ್ಲ್ಯು.ಸಿ.ಡಬ್ಲ್ಯು. ತನ್ನ ವೀಕ್ಷಕ ವಿವರಣೆಕಾರನಿಂದ ಆ ಫಲಿತಾಂಶವನ್ನು ಬಯಲು ಮಾಡಿಸಿ, ಇವನಿಗೆ ಪಟ್ಟ ಕೊಟ್ಟರೆ ನೋಡುವವರಾರು ಎಂದು ಗೇಲಿ ಮಾಡಿಸಿತು. ಲಕ್ಷಾಂತರ ಜನ ಚಾನೆಲ್ ಬದಲಿಸಿದ್ದು ಫೋಲಿಯ ಗೆಲುವನ್ನು ನೋಡಲೆಂದು! ಫಲಿತಾಂಶ ಗೊತ್ತಿದ್ದೂ ಹೋದರು ಎಂಬುದನ್ನು ಗಮನಿಸಬೇಕು. ಹರಿಕಥೆ ಕೇಳಲು ಕುಳಿತವರಿಗೆ ಕಥೆಯ ಕೊನೆ ಗೊತ್ತಿರುವುದಿಲ್ಲವೇ? 2001ರಲ್ಲಿ ಡಬ್ಲ್ಯು.ಸಿ.ಡಬ್ಲ್ಯು. ತನ್ನ ಪ್ರತಿಸ್ಪರ್ಧಿಗೇ ಮಾರಾಟವಾಯಿತು. ಅದಕ್ಕೆ ಕಾರಣಗಳು ಹಲವು. ಜನರ ಮನಸ್ಸನ್ನು ತಪ್ಪಾಗಿ ಓದಿದ್ದು ಅವುಗಳಲ್ಲೊಂದು.

ಗೆದ್ದ ಕಂಪೆನಿಯೂ (2002ರಿಂದ ಅದರ ಹೆಸರು ಡಬ್ಲ್ಯು.ಡಬ್ಲ್ಯು.ಇ.) ಈ ಪಾಠವನ್ನು ಮರೆಯಿತು. ಡೇನಿಯಲ್ ಬ್ರಯನ್ ಕುಳ್ಳನೆಯ ಗಡ್ಡದ ಆಸಾಮಿ. ಸಣ್ಣಪುಟ್ಟ ಸಭಾಂಗಣಗಳಲ್ಲಿ ವರ್ಷಗಟ್ಟಲೆ ಪಳಗಿದವನು. 2012ರ ‘ರೆಸಲ್‌ಮೇನಿಯಾ’ದಲ್ಲಿ ಅವನನ್ನು ಕೇವಲ 18 ಸೆಕೆಂಡಿನಲ್ಲಿ ಸೋಲಿಸಿದರು. ಕಡೆಗಣಿಸಿದಷ್ಟೂ ಜನ ಅವನ ‘ಯೆಸ್’ ಘೋಷಣೆಯನ್ನು ಗಟ್ಟಿಯಾಗಿ ಕೂಗತೊಡಗಿದರು. 2014ರ ಜನವರಿಯ ‘ರಾಯಲ್ ರಂಬಲ್’ನಲ್ಲಿ ಅವನ ಹೆಸರೇ ಇರಲಿಲ್ಲ. ಕೊನೆಯವನಾಗಿ ಬಂದ ಜನಪ್ರಿಯ ಮಲ್ಲ ರೇ ಮಿಸ್ಟೀರಿಯೋಗೂ ಧಿಕ್ಕಾರವೇ ಸಿಕ್ಕಿತು. ಕಾರಣ, ಆತ ಬ್ರಯನ್ ಅಲ್ಲ! ಕಡೆಗೆ ಕಂಪೆನಿ ಮಣಿಯಿತು. ಏಪ್ರಿಲ್ 6ರಂದು ನ್ಯೂಆರ್ಲಿಯನ್ಸ್‌ನಲ್ಲಿ ಬ್ರಯನ್ ಒಂದೇ ರಾತ್ರಿ ಎರಡು ಪಂದ್ಯ ಗೆದ್ದು ಪಟ್ಟವೇರಿದ. ನಮ್ಮ ಕಂಪೆನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗಿಗೆ ಕಥೆಯೇ ನಿಂತು ಹಾಡು ಮರಳುತ್ತಿತ್ತು. ಇಲ್ಲಿ ಕೂಗಿಗೆ ಕಥೆಯೇ ಬದಲಾಯಿತು.

ಇನ್ನೊಂದು ತಿರುವು 2019ರದು. ಘಾನಾದಲ್ಲಿ ಹುಟ್ಟಿದ ಕೋಫಿ ಕಿಂಗ್‌ಸ್ಟನ್ 11 ವರ್ಷ ಎರಡನೆಯ ಸಾಲಿನಲ್ಲೇ ದುಡಿದವನು. ಗಾಯಗೊಂಡ ಸಹೋದ್ಯೋಗಿಯ ಬದಲಿಗೆ ಫೆಬ್ರವರಿಯಲ್ಲಿ ಅವನನ್ನು ಕಣಕ್ಕಿಳಿಸಿದರು. ಒಂದು ತಾಸಿಗೂ ಮಿಕ್ಕಿ ಆತ ಸೆಣಸಿದ್ದನ್ನು ನೋಡಿದ ಜನ ಮತ್ತೆ ಅವನನ್ನು ಹಿಂದಿನ ಸಾಲಿಗೆ ಹೋಗಗೊಡಲಿಲ್ಲ. ಏಪ್ರಿಲ್‌ನಲ್ಲಿ ಆ ಪಟ್ಟ ಗೆದ್ದ ಮೊದಲ ಆಫ್ರಿಕಾಸಂಜಾತನಾದ. ಎದುರಿಗಿದ್ದ ಖಳ ಯಾರು? ಅದೇ ಡೇನಿಯಲ್ ಬ್ರಯನ್!

ಈ ಮೆಚ್ಚುಗೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಆಸ್ಟಿನ್‌ನ ಕುತ್ತಿಗೆ 1997ರಲ್ಲೇ ಪೆಟ್ಟು ತಿಂದಿತು. 2003ರಲ್ಲಿ ಆತ ನಿವೃತ್ತನಾದ. ಬ್ರಯನ್ ಪಟ್ಟವೇರಿದ ಮರುತಿಂಗಳೇ ಕುತ್ತಿಗೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಪಟ್ಟ ಬಿಟ್ಟುಕೊಡಬೇಕಾಯಿತು. ಕಿಂಗ್‌ಸ್ಟನ್‌ನ ಆರು ತಿಂಗಳ ಆಳ್ವಿಕೆಯನ್ನು ಕಂಪೆನಿ ಹತ್ತು ಸೆಕೆಂಡಿನೊಳಗಿನ ಒಂದು ಪಂದ್ಯದಲ್ಲಿ ಮುಗಿಸಿಬಿಟ್ಟಿತು. ಕೊಟ್ಟ ಪಟ್ಟವನ್ನು ಕಿತ್ತುಕೊಳ್ಳುವ ಅಧಿಕಾರ ಎಂದೂ ಮಾಲೀಕನದೇ.

ಹಾಗಾದರೆ ಇದು ಸುಳ್ಳು ಕುಸ್ತಿಯೇ? ಗೆಲುವು ಸುಳ್ಳು, ನಿಜ. ಆದರೆ ಬಿದ್ದ ಪೆಟ್ಟು ಸುಳ್ಳಲ್ಲ, ಕಾದ ವರ್ಷಗಳು ಸುಳ್ಳಲ್ಲ. ಅದನ್ನು ಕಂಡು ಸಾವಿರಾರು ಜನ ಒಮ್ಮೆಲೇ ಎದ್ದು ನಿಂತದ್ದೂ ಸುಳ್ಳಲ್ಲ. ಮಾಲೀಕ ಪಟ್ಟವನ್ನು ಸೊಂಟಕ್ಕೆ ಕಟ್ಟಬಲ್ಲ. ಅದಕ್ಕೆ ಹೊಳಪು ಕೊಡುವವರು ಮಾತ್ರ ಹಿಂದಿನ ಬೆಂಚಿನವರು.