ಐದು ಆಫೀಸಿನ ನಕ್ಷೆ, ಒಂದೇ ಕಟ್ಟಡ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)

 

ಈ ಸಲದ ಅರ್ಜಿಗಳನ್ನು ಪರಿಶೀಲಿಸುವಾಗ ಒಂದು ಮಾತು ನಮಗೆ ಮತ್ತೆ ಮತ್ತೆ ಎದುರಾಯಿತು. ಅದು ‘ಬಿಮ್’. ಡಿಪ್ಲೊಮಾ ಮುಗಿಸಿದ ಮಕ್ಕಳು, ಬಿ.ಇ. ಕೊನೆಯ ವರ್ಷದ ಮಕ್ಕಳು, ಐಟಿಐ ಡ್ರಾಫ್ಟ್ಸ್‌ಮನ್ ಕಲಿತವರು, ಎಲ್ಲರೂ ಬಿಮ್ ಕೋರ್ಸಿಗೆ ನೆರವು ಬೇಕೆಂದು ಬರೆದಿದ್ದಾರೆ. ದಾನಿಗಳಲ್ಲಿ ಕೆಲವರು ನೇರವಾಗಿಯೇ ಕೇಳಿದರು: “ಮೇಷ್ಟ್ರೇ, ಡಾಕ್ಟರಿಕೆಗೆ ಕೊಡೋಣ, ಇಂಜಿನಿಯರಿಂಗಿಗೆ ಕೊಡೋಣ. ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದಕ್ಕೂ ನಾವು ಹಣ ಕೊಡಬೇಕೇ?” ಕೇಳಬೇಕಾದ ಪ್ರಶ್ನೆಯೇ. ಹಣ ಕೊಡುವವರಿಗೆ ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕು. ಸಾಲ ಮಾಡಿ ಫೀಸು ಕಟ್ಟುವ ತಂದೆ ತಾಯಿಗೆ ಇನ್ನೂ ಹೆಚ್ಚು ತಿಳಿಯಬೇಕು. ಆದ್ದರಿಂದ ಇವತ್ತು ಈ ಕೆಲಸ ಏನು, ಅದರಲ್ಲಿ ಕಷ್ಟ ಎಲ್ಲಿದೆ ಎಂಬುದನ್ನು ತರಗತಿಯಲ್ಲಿ ಪಾಠ ಮಾಡಿದ ಹಾಗೆ ಹೇಳುತ್ತೇವೆ. ಸ್ವಲ್ಪ ತಾಳ್ಮೆಯಿರಲಿ.

ಒಂದು ಆಸ್ಪತ್ರೆ ಕಟ್ಟುತ್ತಾರೆ ಎನ್ನಿ. ಗೋಡೆ, ಬಾಗಿಲು, ಕೋಣೆಗಳ ನಕ್ಷೆ ಆರ್ಕಿಟೆಕ್ಟರದು. ಕಂಬ, ಬೀಮು, ಸ್ಲ್ಯಾಬು ಸ್ಟ್ರಕ್ಚರಲ್ ಇಂಜಿನಿಯರರದು. ನೀರಿನ ಪೈಪು, ಕೊಳಚೆ ಪೈಪು ಇನ್ನೊಬ್ಬರದು. ವಿದ್ಯುತ್ತು ಮತ್ತೊಬ್ಬರದು. ಎ.ಸಿ.ಯ ಗಾಳಿ ಹೋಗುವ ದೊಡ್ಡ ತಗಡಿನ ಡಕ್ಟು ಬೇರೊಂದು ಆಫೀಸಿನದು. ಐದು ಆಫೀಸು ಐದು ಊರಿನಲ್ಲಿರಬಹುದು. ಪ್ರತಿಯೊಬ್ಬರ ನಕ್ಷೆಯೂ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತದೆ. ಆದರೆ ಫಾಲ್ಸ್ ಸೀಲಿಂಗಿನ ಮೇಲೆ ಇರುವ ಆ ಎರಡಡಿ ಜಾಗದಲ್ಲಿ ಐವರೂ ತಮ್ಮ ಸಾಮಾನು ಇಡಬೇಕು. ಡಕ್ಟು ಹೋಗಬೇಕಾದ ಕಡೆ ಬೀಮು ಅಡ್ಡ ಬಂದಿರುವುದು ಮೊದಲು ಗೊತ್ತಾಗುತ್ತಿದ್ದದ್ದು ಸೈಟಿನಲ್ಲಿ, ಕಾಂಕ್ರೀಟು ಗಟ್ಟಿಯಾದ ಮೇಲೆ. ಆಗ ಯಂತ್ರ ತಂದು ಬೀಮು ಕೊರೆಯುತ್ತಿದ್ದರು. ಒಳಗಿನ ಕಂಬಿ ತುಂಡಾದರೂ ಹೊರಗೆ ಪ್ಲಾಸ್ಟರ್ ಬಿದ್ದ ಮೇಲೆ ಯಾರಿಗೆ ಕಾಣುತ್ತದೆ? ಇಲ್ಲಿ ಕೂತಿರುವ ಮೇಸ್ತ್ರಿಗಳಿಗೆ ನಾವು ಇದನ್ನು ವಿವರಿಸಬೇಕಾಗಿಲ್ಲ.

ಹಿಂದೆ ಟ್ರೇಸಿಂಗ್ ಪೇಪರಿನ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಕೆಳಗೆ ದೀಪ ಹಚ್ಚಿ ನೋಡುತ್ತಿದ್ದರು. ಈಗ ಪ್ರತಿ ಆಫೀಸೂ ಗೆರೆಯ ಬದಲು ಮೂರು ಆಯಾಮದ ಮಾದರಿಯನ್ನೇ ಮಾಡುತ್ತದೆ. ಅದಕ್ಕೆ ಬಹಳ ಕಡೆ ಬಳಸುವ ತಂತ್ರಾಂಶ ರೆವಿಟ್. ಆ ಮಾದರಿಗಳನ್ನೆಲ್ಲ ಒಂದೆಡೆ ಸೇರಿಸಿ, ಎಲ್ಲಿ ಯಾವುದು ಯಾವುದಕ್ಕೆ ತಾಗುತ್ತದೆಂದು ಹುಡುಕುವ ತಂತ್ರಾಂಶ ನೇವಿಸ್‌ವರ್ಕ್ಸ್. ಎರಡೂ ಬೇರೆ ಬೇರೆ ಕಂಪನಿಗಳಲ್ಲಿ ಹುಟ್ಟಿದವು. ಆಟೋಡೆಸ್ಕ್ ಸಂಸ್ಥೆ ರೆವಿಟ್ಟನ್ನು 2002ರಲ್ಲಿ, ನೇವಿಸ್‌ವರ್ಕ್ಸನ್ನು 2007ರಲ್ಲಿ ಕೊಂಡುಕೊಂಡಿತು. ಬ್ರಿಟನ್ ಸರ್ಕಾರ 2016ರಿಂದ ತನ್ನ ಕೇಂದ್ರ ಯೋಜನೆಗಳಿಗೆ ಬಿಮ್ ಕಡ್ಡಾಯ ಮಾಡಿತು. ದುಬೈ ಮುನಿಸಿಪಾಲಿಟಿ ಅದಕ್ಕೂ ಮೊದಲೇ ದೊಡ್ಡ ಕಟ್ಟಡಗಳಿಗೆ ಅದನ್ನು ಕೇಳತೊಡಗಿತ್ತು. ನಮ್ಮ ಕಡೆಯವರು ಕಂಬಿ ಕಟ್ಟಲು, ಸೆಂಟ್ರಿಂಗ್ ಹೊಡೆಯಲು ಹೋದ ಅದೇ ಗಲ್ಫ್ ಕಟ್ಟಡಗಳ ಮಾದರಿ ಕೆಲಸ ಈಗ ಬೆಂಗಳೂರಿನ ಆಫೀಸುಗಳಿಗೂ ಬರುತ್ತಿದೆ. ಮಕ್ಕಳು ಈ ಕೋರ್ಸು ಕೇಳುತ್ತಿರುವುದು ಅದಕ್ಕೇ.

ಇನ್ನು ಮುಖ್ಯ ವಿಷಯ. ರೆವಿಟ್‌ನಿಂದ ನೇವಿಸ್‌ವರ್ಕ್ಸ್‌ಗೆ ಮಾದರಿ ಕಳಿಸುವುದನ್ನು ‘ಎಕ್ಸ್‌ಪೋರ್ಟ್’ ಅನ್ನುತ್ತಾರೆ. ಕೋರ್ಸಿನ ಜಾಹೀರಾತು ನೋಡಿದರೆ ಒಂದು ಗುಂಡಿ ಒತ್ತಿದರೆ ಮುಗಿಯಿತು ಅನ್ನಿಸುತ್ತದೆ. ಗುಂಡಿ ಒತ್ತುವುದು ಕಡೆಯ ಕೆಲಸ. ಅದಕ್ಕೆ ಮುಂಚಿನ ಕೆಲಸಗಳಲ್ಲೇ ಕಲಿತವರು ಯಾರು, ಕಲಿಯದವರು ಯಾರು ಎಂದು ಗೊತ್ತಾಗುವುದು.

ಮೊದಲನೆಯದಾಗಿ, ಕಳಿಸುವುದಕ್ಕೆಂದೇ ಒಂದು ಪ್ರತ್ಯೇಕ ಮೂರು ಆಯಾಮದ ನೋಟವನ್ನು ಮಾಡಿಕೊಳ್ಳಬೇಕು. ಆ ನೋಟದಲ್ಲಿ ಕಂಡದ್ದು ಹೋಗುತ್ತದೆ, ಮರೆಮಾಡಿದ್ದು ಹೋಗುವುದಿಲ್ಲ. ದಿನವೂ ಕೆಲಸ ಮಾಡುವ ನೋಟವನ್ನೇ ಕಳಿಸಿದರೆ, ನಿನ್ನೆ ಯಾರೋ ತಮ್ಮ ಅನುಕೂಲಕ್ಕೆ ಬೀಮುಗಳನ್ನು ಮರೆಮಾಡಿಟ್ಟಿರುತ್ತಾರೆ. ಬೀಮಿಲ್ಲದ ಕಟ್ಟಡ ಅತ್ತ ತಲುಪುತ್ತದೆ. ಡಿಕ್ಕಿ ಹುಡುಕಿದರೆ ಒಂದೂ ಸಿಗುವುದಿಲ್ಲ, ಎಲ್ಲರಿಗೂ ಸಂತೋಷ! ವಿವರದ ಮಟ್ಟವನ್ನು ‘ಫೈನ್’ಗೆ ಇಡುವುದು ವಾಡಿಕೆ. ಕುರ್ಚಿ ಮೇಜುಗಳನ್ನು ತೆಗೆದಿಡಬೇಕು, ಇಲ್ಲವಾದರೆ ಸುಮ್ಮನೆ ಭಾರ.

ಎರಡನೆಯದು ಸ್ಥಾನ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಯಾಕೆಂದರೆ ಹೆಚ್ಚು ಎಡವುವುದು ಇಲ್ಲೇ. ಎಂಟನೇ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಮೂಲಬಿಂದು ಗುರುತಿಸಿದ್ದು ನೆನಪಿದೆಯೇ? ಐದು ಆಫೀಸಿನವರು ಐದು ಕಡೆ ಮೂಲಬಿಂದು ಇಟ್ಟುಕೊಂಡರೆ, ಸೇರಿಸಿದಾಗ ಗೋಡೆ ಒಂದು ಕಡೆ, ಪೈಪು ಮೈಲಿ ದೂರ. ರೆವಿಟ್‌ನಲ್ಲಿ ಒಳಗಿನ ಸ್ವಂತ ಮೂಲಬಿಂದು ಒಂದಿದೆ, ಎಲ್ಲರೂ ಒಪ್ಪಿ ಹಂಚಿಕೊಳ್ಳುವ ‘ಶೇರ್ಡ್’ ಸ್ಥಾನ ಇನ್ನೊಂದಿದೆ. ಕಳಿಸುವಾಗ ಯಾವುದೆಂದು ಆರಿಸಬೇಕು. ಎಲ್ಲರೂ ಒಂದನ್ನೇ ಆರಿಸಬೇಕು. ಮೈಲಿ ದೂರ ಬಿದ್ದರೆ ಕಣ್ಣಿಗೆ ಕಾಣುತ್ತದೆ, ಸರಿಪಡಿಸಬಹುದು. ಒಂದಡಿ ಮೇಲೆ ಕೆಳಗಾದರೆ ಮಾತ್ರ ಅಪಾಯ.

ಇದು ದೊಡ್ಡ ದೊಡ್ಡವರಿಗೂ ಆಗಿದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಲೌಫೆನ್‌ಬುರ್ಗ್ ಎಂಬಲ್ಲಿ ರೈನ್ ನದಿಗೆ ಸೇತುವೆ ಕಟ್ಟುತ್ತಿದ್ದರು. ಸಮುದ್ರಮಟ್ಟವನ್ನು ಜರ್ಮನಿಯವರು ಉತ್ತರ ಸಮುದ್ರದಿಂದ ಎಣಿಸುತ್ತಾರೆ, ಸ್ವಿಸ್ಸರು ಮೆಡಿಟರೇನಿಯನ್ನಿನಿಂದ. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸವಿದೆ. ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಲೆಕ್ಕದಲ್ಲೂ ಹಿಡಿದಿದ್ದರು. ಆದರೆ ಕೂಡಿಸಬೇಕಾದ ಕಡೆಗೆ ಬದಲು ವಿರುದ್ಧ ದಿಕ್ಕಿಗೆ ಹಿಡಿದರು. 2003ರಲ್ಲಿ ನೋಡಿದಾಗ ಎರಡು ದಡದ ಕೆಲಸಕ್ಕೆ 54 ಸೆಂಟಿಮೀಟರ್ ಅಂತರ! ಒಂದು ಕೂಡು, ಕಳೆ ಚಿಹ್ನೆಯ ತಪ್ಪು. ಗಣಿತದ ಮೇಷ್ಟ್ರುಗಳು ಚಿಹ್ನೆ ತಪ್ಪಾದರೆ ಪೂರ್ತಿ ಅಂಕ ಯಾಕೆ ಕಳೆಯುತ್ತಾರೆಂದು ನೀವೆಲ್ಲ ಬೈಯುತ್ತಿದ್ದಿರಲ್ಲ.

ಮೂರನೆಯದು ಚಿಕ್ಕ ವಿಷಯ, ಅಳತೆಯ ಮಾನ. ಬೇರೆ ತಂತ್ರಾಂಶದಿಂದ ಬಂದ ನಕ್ಷೆಯಲ್ಲಿ ಮಿಲಿಮೀಟರನ್ನು ಮೀಟರ್ ಎಂದು ಓದಿದರೆ ಬಾಗಿಲು ಸಾವಿರ ಪಟ್ಟು ದೊಡ್ಡದಾಗುತ್ತದೆ. ಅದು ಕೂಡಲೇ ಕಾಣುತ್ತದೆ.

ಮುಂದಿನದು, ಜೋಡಿಸಿದ ಕಡತಗಳು. ಪೈಪಿನವರು ತಮ್ಮ ಕೆಲಸಕ್ಕೆ ಆರ್ಕಿಟೆಕ್ಟರ ಮಾದರಿಯನ್ನು ಹಿನ್ನೆಲೆಯಾಗಿ ಜೋಡಿಸಿಕೊಂಡಿರುತ್ತಾರೆ. ಕಳಿಸುವಾಗ ‘ಲಿಂಕ್ಡ್ ಫೈಲುಗಳೂ ಸೇರಲಿ’ ಎಂಬ ಚೌಕಕ್ಕೆ ಟಿಕ್ ಹಾಕಿದರೆ, ಅದೇ ಗೋಡೆ ಪೈಪಿನವರಿಂದಲೂ ಬರುತ್ತದೆ, ಆರ್ಕಿಟೆಕ್ಟರಿಂದಲೂ ಬರುತ್ತದೆ. ಗೋಡೆಗೂ ಅದೇ ಗೋಡೆಗೂ ಡಿಕ್ಕಿ ಎಂದು ಸಾವಿರಾರು ಸಾಲು ವರದಿ. ನಿಜವಾದ ಹತ್ತು ತೊಂದರೆಗಳು ಅದರೊಳಗೆ ಹೂತುಹೋಗುತ್ತವೆ. ಇನ್ನೊಂದು ಚೌಕಕ್ಕೆ ಮಾತ್ರ ತಪ್ಪದೆ ಟಿಕ್ ಇರಬೇಕು. ಪ್ರತಿ ವಸ್ತುವಿನ ಗುರುತಿನ ಸಂಖ್ಯೆಯನ್ನೂ ಕಳಿಸುವ ಚೌಕ ಅದು. ಆ ಸಂಖ್ಯೆಯಿದ್ದರೆ ಡಿಕ್ಕಿಯಾದ ಪೈಪನ್ನು ರೆವಿಟ್‌ನಲ್ಲಿ ಹುಡುಕಿ ಸರಿಮಾಡಬಹುದು. ಇಲ್ಲದಿದ್ದರೆ ರೋಲ್ ನಂಬರ್ ಬರೆಯದ ಉತ್ತರ ಪತ್ರಿಕೆಯ ಹಾಗೆ.

ಕಳಿಸಿದ ಮೇಲೆ ಮೂರು ಬಗೆಯ ಕಡತಗಳಾಗುತ್ತವೆ. ಮಕ್ಕಳಿಗೆ ಇದು ಬಹಳ ಗೊಂದಲ. ಪ್ರತಿ ಆಫೀಸು ಕಳಿಸುವ ಒಂದೊಂದು ತುಂಡು ಎನ್‌ಡಬ್ಲ್ಯೂಸಿ. ಅವೆಲ್ಲ ಎಲ್ಲಿವೆ ಎಂದು ಹೇಳುವುದು ಎನ್‌ಡಬ್ಲ್ಯೂಎಫ್. ಅದು ಹಾಜರಿ ಪುಸ್ತಕ: ಹೆಸರಿದೆ, ಮಕ್ಕಳು ಅದರೊಳಗಿಲ್ಲ, ತರಗತಿಯಲ್ಲಿದ್ದಾರೆ. ಎನ್‌ಡಬ್ಲ್ಯೂಡಿ ಎಂಬುದು ಗ್ರೂಪ್ ಫೋಟೊ: ಆ ದಿನ ಯಾರು ಹೇಗಿದ್ದರೋ ಹಾಗೇ ಉಳಿಯುತ್ತದೆ. ಆದ್ದರಿಂದ ವಾರ ವಾರವೂ ಹೊಸ ತುಂಡು ಕಳಿಸುವಾಗ ಅದೇ ಹೆಸರಿನಲ್ಲಿ, ಅದೇ ಫೋಲ್ಡರಿನಲ್ಲಿ ಹಳೆಯದರ ಮೇಲೆ ಇಡಬೇಕು. ಹೆಸರಿನ ಮುಂದೆ ‘ಹೊಸದು’, ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂದು ಸೇರಿಸಿದರೆ ಹಾಜರಿ ಪುಸ್ತಕಕ್ಕೆ ಆ ಹುಡುಗ ಯಾರೆಂದು ಗೊತ್ತಾಗುವುದಿಲ್ಲ. ಸಭೆಯಲ್ಲಿ ಎಲ್ಲರೂ ಹೋದ ವಾರದ ಕಟ್ಟಡವನ್ನೇ ನೋಡುತ್ತ ಕೂರುತ್ತಾರೆ.

ಇಷ್ಟಾದ ಮೇಲೆ ಡಿಕ್ಕಿ ಹುಡುಕುವುದು. ಕಂಪ್ಯೂಟರು ತಾಗಿದ್ದನ್ನೆಲ್ಲ ಹೇಳುತ್ತದೆ. ಯಾವುದು ತಪ್ಪು ಎಂದು ಹೇಳುವುದಿಲ್ಲ. ಪೈಪು ಗೋಡೆಯನ್ನು ದಾಟಲೇಬೇಕು, ಅಲ್ಲಿ ಸ್ಲೀವ್ ಇಟ್ಟರಾಯಿತು. ಪೈಪು ಬೀಮನ್ನು ದಾಟುವುದು ಬೇರೆ ಮಾತು. ಇಬ್ಬರು ಎದುರಾದರೆ ಯಾರು ಸರಿಯಬೇಕು? ಕುಡಿಯುವ ನೀರಿನ ಪೈಪು ಬಾಗುತ್ತದೆ. ಕೊಳಚೆ ಪೈಪು ಬಾಗುವುದಿಲ್ಲ, ಇಳಿಜಾರು ಕೆಟ್ಟರೆ ನೀರು ನಿಲ್ಲುತ್ತದೆ. ಡಕ್ಟು ದೊಡ್ಡದು, ಅದನ್ನು ತಿರುಗಿಸಲು ಜಾಗ ಬೇಕು. ತಾಗದಿದ್ದರೂ ತೊಂದರೆಯಿರಬಹುದು, ವಾಲ್ವು ತಿರುಗಿಸಲು ಕೈ ಹೋಗದಿದ್ದರೆ ಏನು ಪ್ರಯೋಜನ? ಈ ತಿಳಿವಳಿಕೆ ಮೂರು ತಿಂಗಳ ಕೋರ್ಸಿನಲ್ಲಿ ಬರುವುದಿಲ್ಲ.

ನಮ್ಮ ನೆರವಿನಿಂದ ಡಿಪ್ಲೊಮಾ ಮುಗಿಸಿದ ಒಬ್ಬ ಹೆಣ್ಣುಮಗಳು ಈಗ ಇದೇ ಕೆಲಸದಲ್ಲಿದ್ದಾಳೆ. ಹೆಸರು ಹೇಳುವುದು ಬೇಡ, ಅವಳಿಗೆ ಇಷ್ಟವಿಲ್ಲ. ತಂದೆ ಬಾರ್ ಬೆಂಡಿಂಗ್ ಮಾಡಿದವರು, ಹಲವು ವರ್ಷ ಗಲ್ಫಿನಲ್ಲಿದ್ದು ಬಂದವರು. ಹಬ್ಬಕ್ಕೆ ಊರಿಗೆ ಬಂದಾಗ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದಳಂತೆ, “ಅಬ್ಬಾ, ಈ ಪೈಪಿಗೆ ಬೀಮಿನಲ್ಲಿ ಇಲ್ಲೊಂದು ತೂತು ಬಿಟ್ಟರೆ ಸಾಕಲ್ಲ” ಎಂದು. ಅವರು ನೋಡಿ, “ಅಲ್ಲಿ ಬೇಡಮ್ಮ, ಕಂಬದ ಹತ್ತಿರ ರಿಂಗು ಒತ್ತೊತ್ತಾಗಿ ಕಟ್ಟಿರುತ್ತೇವೆ. ಸುಮ್ಮನೆ ಕಟ್ಟುವುದಿಲ್ಲ. ನಿಮ್ಮ ಇಂಜಿನಿಯರನ್ನು ಕೇಳು” ಅಂದರಂತೆ. ಕೇಳಿದಳು. ಇಂಜಿನಿಯರರೂ ಅಲ್ಲಿ ಒಪ್ಪಲಿಲ್ಲ, ಪೈಪಿಗೆ ಬೇರೆ ದಾರಿಯಾಯಿತು. ಇದನ್ನು ಆಕೆಯೇ ನಮಗೆ ಹೇಳಿದ್ದು. ಮಕ್ಕಳಿಗೆ ಹೇಳಿಕೊಡುವಷ್ಟು ನಮಗೇನು ಗೊತ್ತು ಎಂದು ಅರ್ಜಿ ಕೊಡುವಾಗ ತಲೆ ತಗ್ಗಿಸುವ ತಂದೆಯಂದಿರನ್ನು ಪ್ರತಿ ವರ್ಷ ನೋಡುತ್ತೇವೆ. ನಿಮಗೆ ಬಹಳ ಗೊತ್ತಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆಫೀಸಿನಲ್ಲಿ ಕೂತು ಮಾಡುವ ಕೆಲಸ, ಸೈಟಿಗೆ ಹೋಗಬೇಕಾಗಿಲ್ಲ ಎಂಬ ಕಾರಣಕ್ಕೇ ಹಲವು ಮನೆಗಳಲ್ಲಿ ಈ ಕೋರ್ಸಿಗೆ ಒಪ್ಪಿದ್ದಾರೆ. ಒಪ್ಪಿದ್ದು ಒಳ್ಳೆಯದೇ. ಆದರೆ ಸೈಟನ್ನೇ ನೋಡದವಳು ಪರದೆಯ ಮೇಲೆ ಬಣ್ಣದ ಡಬ್ಬಿಗಳನ್ನು ನೋಡುತ್ತಾಳೆಯೇ ಹೊರತು ಕಟ್ಟಡವನ್ನಲ್ಲ. ನಾಲ್ಕು ವರ್ಷವಾದರೂ ಅವಳನ್ನು ಗುಂಡಿ ಒತ್ತುವ ಕುರ್ಚಿಯಲ್ಲೇ ಕೂರಿಸುತ್ತಾರೆ. ರಜೆಯಲ್ಲಿ ಕೆಲವು ವಾರವಾದರೂ ಅವಳನ್ನು ಸೈಟಿಗೆ ಕಳಿಸಿ. ತಂದೆಯೋ ಅಣ್ಣನೋ ಜೊತೆಗೆ ಹೋಗಲಿ, ಆದರೆ ಹೋಗಲಿ. ಈ ವರ್ಷದಿಂದ ಗಂಡು ಹೆಣ್ಣೆನ್ನದೆ ಬಿಮ್ ಕೋರ್ಸಿಗೆ ನೆರವು ಪಡೆಯುವ ಎಲ್ಲರಿಗೂ ಸೈಟಿನ ಅನುಭವದ ಪತ್ರ ಕೇಳಲು ಸಮಿತಿ ತೀರ್ಮಾನಿಸಿದೆ.

ಇನ್ನು ಹಣದ ಮಾತು. ‘ನೂರಕ್ಕೆ ನೂರು ಉದ್ಯೋಗ’ ಎಂದು ಬರೆದುಕೊಂಡ ಒಂದು ಕೋಚಿಂಗ್ ಸೆಂಟರಿನಲ್ಲಿ ಒಡವೆ ಅಡವಿಟ್ಟು ಫೀಸು ಕಟ್ಟಿದ ಮನೆಯೊಂದು ನಮ್ಮ ಮುಂದೆ ಬಂದಿತ್ತು. ಆ ಫೀಸಿನಲ್ಲಿ ತಂತ್ರಾಂಶದ ಬೆಲೆ ಎಂದು ಒಂದು ಪಾಲು ಸೇರಿತ್ತು. ತಂದೆ ತಾಯಂದಿರು ತಿಳಿದಿರಲಿ: ಅರ್ಹ ವಿದ್ಯಾರ್ಥಿಗಳಿಗೆ ಕಲಿಯುವುದಕ್ಕಾಗಿ ರೆವಿಟ್, ನೇವಿಸ್‌ವರ್ಕ್ಸ್ ಎರಡನ್ನೂ ಆಟೋಡೆಸ್ಕ್ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ಕಲಿಯಲು ಅಡ್ಡಿಯಿಲ್ಲ. ಎನ್‌ಡಬ್ಲ್ಯೂಡಿ ಕಡತವನ್ನು ತೆರೆದು ನೋಡಲು ನೇವಿಸ್‌ವರ್ಕ್ಸ್ ಫ್ರೀಡಂ ಎಂಬುದು ಯಾರಿಗಾದರೂ ಉಚಿತ. ಕದ್ದ ಪ್ರತಿ ಹಾಕಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ, ಅಂಥ ಕಡೆಯ ಬಿಲ್ಲಿಗೆ ಟ್ರಸ್ಟ್ ಹಣ ಕೊಡುವುದಿಲ್ಲ.

ನಿಜವಾಗಿ ಖರ್ಚು ಬರುವುದು ಕಂಪ್ಯೂಟರಿಗೆ. ಈ ತಂತ್ರಾಂಶಗಳು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ, 16 ಜಿಬಿ ರ‍್ಯಾಮ್ ಇಲ್ಲದಿದ್ದರೆ ಏದುಸಿರು ಬಿಡುತ್ತವೆ. ದಾನಿಗಳಲ್ಲಿ ನಮ್ಮ ಕೋರಿಕೆ ಇದೇ: ನಿಮ್ಮ ಆಫೀಸಿನಲ್ಲಿ ಬದಲಿಸಿದ ಅಂಥ ಯಂತ್ರಗಳಿದ್ದರೆ ಗುಜರಿಗೆ ಹಾಕುವ ಮುಂಚೆ ನಮಗೊಂದು ಮಾತು ಹೇಳಿ. ಟ್ರಸ್ಟ್ ಕಚೇರಿಯ ಹಿಂದಿನ ಕೋಣೆಯಲ್ಲಿ ಇಟ್ಟು ಮಕ್ಕಳು ಸರದಿಯಂತೆ ಬಳಸಲು ವ್ಯವಸ್ಥೆ ಮಾಡುತ್ತೇವೆ.

ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ. ಬಿಮ್ ಕೋರ್ಸಿಗೆ ಕೇಳುವವರು ಅಂಕಪಟ್ಟಿ, ಆದಾಯ ಪ್ರಮಾಣಪತ್ರದ ಜೊತೆಗೆ ಕೋರ್ಸಿನ ಪಾಠಪಟ್ಟಿಯನ್ನೂ ಲಗತ್ತಿಸಬೇಕು. ಫೀಸು ಕಟ್ಟುವ ಮುಂಚೆ ಬನ್ನಿ, ಕಟ್ಟಿದ ಮೇಲೆ ಅಲ್ಲ. ಸಂದರ್ಶನಕ್ಕೆ ಸಾಧ್ಯವಾದರೆ ತಂದೆಯೂ ತಾಯಿಯೂ ಬರಲಿ. ಮೇಸ್ತ್ರಿ ಕೆಲಸ, ಪ್ಲಂಬಿಂಗ್, ವೈರಿಂಗ್ ಮಾಡುವವರು ಮನೆಯಲ್ಲಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ, ಆ ಕಾಲಂ ಖಾಲಿ ಬಿಡಬೇಡಿ.