ಹಿರಿಯರ ಆರೋಗ್ಯ ಮತ್ತು ನವೋದ್ಯಮ ಸ್ಪರ್ಧೆಗಳು

(ತ್ಯಾಮಗೊಂಡ್ಲುವಿನಲ್ಲಿ ನಡೆದ ನಮ್ಮ ಸಂಘದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಂಘದ ವಿದ್ಯಾರ್ಥಿವೇತನ ಪಡೆದು ಓದಿದವನು ನಾನು. ಇಂದು ನನಗೆ ಕೊಟ್ಟಿರುವ ವಿಷಯ ಆರೋಗ್ಯ ಮತ್ತು ವೃದ್ಧಾಪ್ಯಕ್ಕೆ ಸಂಬಂಧಿಸಿದ ನವೋದ್ಯಮ ಸ್ಪರ್ಧೆಗಳು. ಹೆಸರು ದೊಡ್ಡದು, ಹೆದರಬೇಡಿ. ನಾನು ಸೋತ ಕಥೆಯಿಂದಲೇ ಆರಂಭಿಸುತ್ತೇನೆ. ಆ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬಂದಿತ್ತು ಎನ್ನುವುದು ಬೇರೆ ಮಾತು.

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸ್ಪರ್ಧೆ ಇತ್ತು. ವಯಸ್ಸಾದವರು ಕೊರಳಿಗೆ ಹಾಕಿಕೊಳ್ಳುವ ಒಂದು ಗುಂಡಿ ತಯಾರಿಸಿದ್ದೆ. ಬಿದ್ದರೆ ಒತ್ತಬೇಕು, ಪಕ್ಕದ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಎರಡನೇ ಬಹುಮಾನ ಬಂತು. ಆ ಗುಂಡಿಯನ್ನು ಊರಿಗೆ ತಂದು ನಮ್ಮ ದಾದಿಯ ಕೊರಳಿಗೆ ಹಾಕಿದೆ. ಬಂದವರಿಗೆಲ್ಲ ಅವರು ಅದನ್ನು ತೋರಿಸಿದರು. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ತಹಜ್ಜುದ್ ನಮಾಝಿಗೆಂದು ಎದ್ದು ವುಝೂ ಮಾಡಲು ಹೋಗಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಫಜ್ರ್ ಅಝಾನ್ ಆಗಿ ಮನೆಯವರು ಏಳುವವರೆಗೆ ಒದ್ದೆ ನೆಲದ ಮೇಲೆಯೇ ಇದ್ದರು. ತೊಡೆಯ ಮೂಳೆ ಮುರಿದಿತ್ತು. ಗುಂಡಿ ಎಲ್ಲಿತ್ತು? ಬಚ್ಚಲ ಹೊರಗೆ ಮೊಳೆಗೆ ನೇತಾಡುತ್ತಿತ್ತು. ಆಸ್ಪತ್ರೆಯಲ್ಲಿ ಕೇಳಿದಾಗ ದಾದಿ ಹೇಳಿದರು: "ನೀರು ತಾಗಿದರೆ ನಿನ್ನ ಸಾಮಾನು ಹಾಳಾಗುತ್ತಲ್ಲ ಬೇಟಾ."

ತೀರ್ಪುಗಾರರು ನನ್ನನ್ನು ಬ್ಯಾಟರಿ ಎಷ್ಟು ದಿನ ಬರುತ್ತದೆ, ಬೆಲೆ ಎಷ್ಟು ಎಂದು ಕೇಳಿದ್ದರು. ನೀರಿನ ವಿಚಾರ ಅವರೂ ಕೇಳಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ದಾದಿಯ ಜೊತೆ ಒಂದೇ ಮನೆಯಲ್ಲಿ ಬೆಳೆದ ನಾನೇ ಕೇಳಿರಲಿಲ್ಲ. ದಿನಕ್ಕೆ ಐದು ಬಾರಿ ನೀರು ಮುಟ್ಟುವವರಿಗೆ ನೀರಿಗೆ ಆಗದ ಗುಂಡಿ ಮಾಡಿಕೊಟ್ಟಿದ್ದೆ! ಆಮೇಲೆ ಊರಿನ ವೆಲ್ಡಿಂಗ್ ಅಂಗಡಿಯವರಿಂದ ಬಚ್ಚಲ ಗೋಡೆಗೆ ಪೈಪಿನ ಹಿಡಿ ಹಾಕಿಸಿದೆವು, ಕುಳಿತು ವುಝೂ ಮಾಡಲು ಎತ್ತರದ ಕಟ್ಟೆ ಕಟ್ಟಿಸಿದೆವು. ದಾದಿ ಕೊನೆಯವರೆಗೆ ವಾಕರ್ ಹಿಡಿದೇ ನಡೆದರು.

ಇದನ್ನು ಏಕೆ ಹೇಳಿದೆನೆಂದರೆ, ಈಗ ಈ ಕ್ಷೇತ್ರಕ್ಕೆ ಹಣ ಬರುತ್ತಿದೆ. 2022ರಲ್ಲಿ ನಮ್ಮ ದೇಶದಲ್ಲಿ 60 ದಾಟಿದವರು ಸುಮಾರು 14.9 ಕೋಟಿ ಇದ್ದರು. 2050ರ ವೇಳೆಗೆ 34.7 ಕೋಟಿ, ಅಂದರೆ ಐವರಲ್ಲಿ ಒಬ್ಬರು ಎಂಬ ಅಂದಾಜಿದೆ. ಅಮೆರಿಕದ ಎಕ್ಸ್‌ಪ್ರೈಸ್ ಸಂಸ್ಥೆ 2023ರಲ್ಲಿ ಮುಪ್ಪಿನ ದೌರ್ಬಲ್ಯವನ್ನು ಹಿಂದಕ್ಕೆ ತಳ್ಳುವ ಚಿಕಿತ್ಸೆಗೆ ಹತ್ತು ಕೋಟಿ ಡಾಲರಿಗೂ ಮೀರಿದ ಸ್ಪರ್ಧೆ ಘೋಷಿಸಿತು. ಅದು ದೊಡ್ಡ ಪ್ರಯೋಗಾಲಯಗಳ ಆಟ, ನಮಗೆ ದೂರ.

ನಮಗೆ ಹತ್ತಿರದ ಬಾಗಿಲುಗಳೂ ಇವೆ. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಕಾಲೇಜು ವಿದ್ಯಾರ್ಥಿಗಳದ್ದೇ ಸ್ಪರ್ಧೆ. ಆರು ಜನರ ತಂಡ, ಅದರಲ್ಲಿ ಕನಿಷ್ಠ ಒಬ್ಬ ಹೆಣ್ಣುಮಗಳು ಇರಬೇಕು. ಅದೇ ವರ್ಷ ಕರ್ನಾಟಕ ಸರ್ಕಾರ ಎಲಿವೇಟ್ ಸ್ಪರ್ಧೆ ಆರಂಭಿಸಿತು. ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ. ಅಲ್ಪಸಂಖ್ಯಾತ ಸಮುದಾಯದವರಿಗೆಂದೇ ಪ್ರತ್ಯೇಕ ಸುತ್ತನ್ನೂ ನಡೆಸಿದ್ದಾರೆ. ಕೇಂದ್ರದ ಬೈರಾಕ್ ಸಂಸ್ಥೆಯ 'ಬಿಗ್' ಅನುದಾನವೂ 50 ಲಕ್ಷದವರೆಗಿನದು. ಅದರ ಪಾಲುದಾರ ಸಂಸ್ಥೆ ಸಿ-ಕ್ಯಾಂಪ್ ನಮ್ಮ ಜಿಕೆವಿಕೆ ಆವರಣದಲ್ಲೇ ಇದೆ. ಇವು ಸಾಲವಲ್ಲ, ಬಡ್ಡಿಯ ಪ್ರಶ್ನೆ ಬರುವುದಿಲ್ಲ. ಆದರೆ ಕೆಲಸ ತೋರಿಸಿದಂತೆ ಕಂತಿನಲ್ಲಿ ಬರುವ ಹಣ, ಪ್ರತಿ ರೂಪಾಯಿಗೂ ಲೆಕ್ಕ ಇಡಬೇಕು. 2021ರ ಜೂನ್‌ನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಹಿರಿಯರ ಆರೈಕೆಗಾಗಿಯೇ 'ಸೇಜ್' ಯೋಜನೆ ತಂದಿತು. ಅದರಲ್ಲಿ ಒಂದು ಕೋಟಿವರೆಗೆ ಬರುವುದು ಅನುದಾನವಲ್ಲ, ಷೇರು ಬಂಡವಾಳ. ಕಂಪನಿಯಲ್ಲಿ ಸರ್ಕಾರಕ್ಕೂ ಪಾಲು. ಈ ವ್ಯತ್ಯಾಸ ತಿಳಿಯದೆ ಸಹಿ ಹಾಕಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆ ಓದಿಕೊಳ್ಳಿ.

ಗೆದ್ದವರು ಏನು ಮಾಡಿದರು? ಬೆಂಗಳೂರಿನ ಫೋರಸ್ ಹೆಲ್ತ್ ನೋಡಿ. ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ್ 2010ರಲ್ಲಿ ಕಟ್ಟಿದ ಕಂಪನಿ. ಹಳ್ಳಿಗೆ ಕಣ್ಣಿನ ಡಾಕ್ಟರು ಬರುವುದು ಕಡಿಮೆ, ಕಣ್ಣಿಗೆ ಹನಿ ಹಾಕಿ ಗಂಟೆಗಟ್ಟಲೆ ಕೂರಿಸುವುದೂ ಕಷ್ಟ. ಹನಿ ಹಾಕದೆಯೇ ಚಿತ್ರ ತೆಗೆಯುವ, ಸ್ವಲ್ಪ ತರಬೇತಿ ಪಡೆದವರೂ ನಡೆಸಬಲ್ಲ, ಹೊತ್ತೊಯ್ಯಬಹುದಾದ 'ತ್ರಿನೇತ್ರ' ಯಂತ್ರ ಮಾಡಿದರು. ಪೊರೆ, ಗ್ಲಾಕೋಮ, ಸಕ್ಕರೆ ಕಾಯಿಲೆಯಿಂದ ಕೆಡುವ ಕಣ್ಣು, ಎಲ್ಲದರ ಪ್ರಾಥಮಿಕ ತಪಾಸಣೆಗೆ ಒಂದೇ ಯಂತ್ರ. 2011ರಲ್ಲಿ ಅದಕ್ಕೆ ಅಂಜನಿ ಮಾಶೇಲ್ಕರ್ ಪ್ರಶಸ್ತಿ ಬಂತು.

ನನ್ನನ್ನು ಹೆಚ್ಚು ಕಾಡಿದ್ದು ಡೋಝೀ. ಐಐಟಿಯಲ್ಲಿ ಓದಿದ ಮುದಿತ್ ದಂಡವತೆ, ಗೌರವ್ ಪರ್ಚಾನಿ 2015ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದು. ಹಾಸಿಗೆಯ ಕೆಳಗೆ ಒಂದು ತೆಳು ಹಾಳೆ ಇಡುತ್ತಾರೆ. ಹೃದಯ ಬಡಿದಾಗ, ಉಸಿರು ಎಳೆದಾಗ ಮೈಯಲ್ಲಿ ಏಳುವ ಸಣ್ಣ ಕಂಪನವನ್ನು ಅದು ಹಿಡಿಯುತ್ತದೆ. ಮಲಗಿದವರು ಏನನ್ನೂ ತೊಡಬೇಕಿಲ್ಲ, ಒತ್ತಬೇಕಿಲ್ಲ, ನೆನಪಿಡಬೇಕಿಲ್ಲ. ಅದು ಬಚ್ಚಲಿನಲ್ಲಿ ಬಿದ್ದವರನ್ನು ಎತ್ತುವುದಿಲ್ಲ, ನಿಜ. ಆದರೆ ಮೊಳೆಗೆ ನೇತುಹಾಕುವ ಗುಂಡಿಗೂ ಇದಕ್ಕೂ ಇರುವ ಅಂತರ ನನಗೆ ತಡವಾಗಿ ಅರ್ಥವಾಯಿತು.

ವಿದ್ಯಾರ್ಥಿಗಳೇ, ನಗರದ ಹುಡುಗರಿಗೆ ಇಂಗ್ಲಿಷ್ ಸುಲಲಿತ, ಸ್ಲೈಡುಗಳು ಥಳಥಳ. ಅಲ್ಲಿ ನಾವು ಹಿಂದೆ ಬೀಳುತ್ತೇವೆ, ಮುಚ್ಚಿಡುವುದೇನಿದೆ. ಆದರೆ ಅವರಲ್ಲಿ ಎಷ್ಟೋ ಜನ ಹಿರಿಯರನ್ನು ರಜೆಗೆ ಮಾತ್ರ ನೋಡುತ್ತಾರೆ. ನಿಮ್ಮ ಮನೆಯಲ್ಲಿ ನಾನಿ ಪಕ್ಕದಲ್ಲೇ ಮಲಗುತ್ತಾರೆ. ಇನ್ಸುಲಿನ್ ಸೀಸೆಯನ್ನು ಕರೆಂಟ್ ಹೋದಾಗ ಎಲ್ಲಿಡುತ್ತಾರೆ, ಮಾತ್ರೆಯ ಬಣ್ಣ ಬದಲಾದರೆ ಏಕೆ ನುಂಗುವುದಿಲ್ಲ, ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ನಿಮಗೆ ಗೊತ್ತು. ನರ್ಸಿಂಗ್ ಓದುತ್ತಿರುವ ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು ಗೊತ್ತು. ಆದ್ದರಿಂದ ತಂಡ ಕಟ್ಟುವಾಗ ಕಂಪ್ಯೂಟರ್ ಓದಿದವರನ್ನಷ್ಟೇ ಸೇರಿಸಿಕೊಳ್ಳಬೇಡಿ.

ಅರ್ಜಿ ಬರೆಯಲು ನೆರವು ಬೇಕಾದವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ. ಪ್ರತಿ ತಿಂಗಳ ಎರಡನೇ ಭಾನುವಾರ ನಾನು ಊರಿನಲ್ಲಿರುತ್ತೇನೆ. ಬರುವ ಮೊದಲು ನಿಮ್ಮ ಬೀದಿಯ ಹತ್ತು ಹಿರಿಯರ ಜೊತೆ ಕುಳಿತು ಮಾತನಾಡಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ. ಯಂತ್ರದ ಚಿತ್ರ ಈಗಲೇ ತರಬೇಡಿ.